ಉಪ್ಪುನೀರು ಮೊದಲು, ಕಾಳುಮೆಣಸು ಆಮೇಲೆ: ಕೋಳಿ, ಹಂದಿ, ಮೀನು, ಸಿಗಡಿ ನೆನೆಸುವ ಲೆಕ್ಕ

ಬ್ರಾಯ್ಲರ್ ಕೋಳಿಯ ಪೆಪ್ಪರ್ ಫ್ರೈನಲ್ಲಿ ಮಸಾಲೆ ಖಾರವಾಗಿ, ಒಳಗಿನ ಮಾಂಸ ಸಪ್ಪೆಯಾಗಿ, ಎದೆಭಾಗ ನಾರುನಾರಾಗಿ ಬಂದರೆ ಹೆಚ್ಚಿನವರು ಮುಂದಿನ ಸಲ ಮೆಣಸು ಜಾಸ್ತಿ ಹಾಕುತ್ತಾರೆ. ಅದರಿಂದ ಹೊರಗಿನ ಖಾರ ಏರುತ್ತದೆ, ಒಳಗಿನ ಸಪ್ಪೆ ಹಾಗೇ ಉಳಿಯುತ್ತದೆ. ಉಪ್ಪು ನೀರಿನಲ್ಲಿ ಕರಗಿ ಮಾಂಸದೊಳಗೆ ಇಳಿಯುತ್ತದೆ. ಕಾಳುಮೆಣಸಿಗೆ ಖಾರ ಕೊಡುವ ಪೈಪರಿನ್ ಆಗಲಿ, ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಆಗಲಿ ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಅವು ಕರಗುವುದು ಎಣ್ಣೆ, ತುಪ್ಪ, ಕೊಬ್ಬಿನಲ್ಲಿ. ಹಾಗಾಗಿ ಉಪ್ಪನ್ನು ನೀರಿನ ಮೂಲಕ ಮೊದಲೇ ಕೊಡಬೇಕು, ಮೆಣಸನ್ನು ಎಣ್ಣೆಯ ಮೂಲಕ ಆಮೇಲೆ ಕೊಡಬೇಕು. ಎರಡನ್ನೂ ಒಟ್ಟಿಗೆ ಮೆತ್ತಿ ಇಟ್ಟರೆ ಒಂದಕ್ಕೆ ಸಮಯ ಸಾಲುವುದಿಲ್ಲ, ಇನ್ನೊಂದು ಒಲೆಯ ಮೇಲೆ ಸೀದು ಕಹಿಯಾಗುತ್ತದೆ.

ಉಪ್ಪುನೀರು ಮಾಡುವುದೇನು?

ಅಪ್ಪೆಮಿಡಿ ಉಪ್ಪಿಗೆ ಹಾಕಿದವರಿಗೆ ಉಪ್ಪು ನೀರನ್ನು ಹೊರಗೆಳೆಯುತ್ತದೆ ಎಂಬುದು ಚೆನ್ನಾಗಿ ಗೊತ್ತು. ಮೂರು ದಿನದಲ್ಲಿ ಮಿಡಿ ಸುರುಟಿ, ಭರಣಿ ತುಂಬ ನೀರು ಬಿಡುತ್ತದೆ. ಮಾಂಸಕ್ಕೂ ಹಾಗೇ ಆಗಬೇಕಲ್ಲ, ಒಣಗಬೇಕಲ್ಲ ಎಂಬ ಅನುಮಾನ ಸಹಜ. ವ್ಯತ್ಯಾಸ ಇರುವುದು ಪ್ರಮಾಣದಲ್ಲಿ. ಮಿಡಿಗೆ ಬೇಕಾದದ್ದು ಗಟ್ಟಿ ಉಪ್ಪು. ಮಾಂಸಕ್ಕೆ ನಾವು ಬಳಸುವುದು ಲೀಟರ್ ನೀರಿಗೆ 50 ಗ್ರಾಂನಷ್ಟು ತೆಳು ಉಪ್ಪುನೀರು. ಈ ಹದದಲ್ಲಿ ಉಪ್ಪು ಮಾಂಸದ ಎಳೆಗಳೊಳಗಿನ ಕೆಲವು ಪ್ರೋಟೀನುಗಳನ್ನು ಸಡಿಲಿಸಿ ಭಾಗಶಃ ಕರಗಿಸುತ್ತದೆ. ಎಳೆಗಳು ಉಬ್ಬಿ ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ, ಬೇಯುವಾಗ ಹಿಂಡಿದಂತೆ ಮುದುಡುವುದೂ ಕಡಿಮೆಯಾಗುತ್ತದೆ. ನೆನೆಸುವ ಮುಂಚೆ ಮತ್ತು ನಂತರ ಕೋಳಿಯನ್ನು ತೂಗಿ ನೋಡಿದರೆ ತೂಕ ಏರಿರುವುದು ಕಾಣುತ್ತದೆ. ಹಸಿ ಮೊಟ್ಟೆ ತೇಲುವಷ್ಟು ಗಟ್ಟಿಯಾದ ಉಪ್ಪುನೀರು, ಅಂದರೆ ಸುಮಾರು ನೂರಕ್ಕೆ ಹತ್ತನ್ನು ದಾಟಿದ್ದು, ಉಪ್ಪಿನಕಾಯಿಗೆ ಸರಿ. ಅದರಲ್ಲಿ ಕೋಳಿ ಮುಳುಗಿಸಿದರೆ ಮೇಲ್ಮೈ ಉಪ್ಪುಕಟ್ಟಿ ಗಡಸಾಗುತ್ತದೆ.

ಉಪ್ಪನ್ನು ತೂಗಿಯೇ ಹಾಕಿ. ಪುಡಿ ಉಪ್ಪು ಒಂದು ಮಟ್ಟದ ದೊಡ್ಡ ಚಮಚಕ್ಕೆ ಸುಮಾರು 18 ಗ್ರಾಂ ಬರುತ್ತದೆ. ಹರಳುಪ್ಪು ಹರಳಿನ ಗಾತ್ರದ ಮೇಲೆ ಬೇರೆ ಬೇರೆ ತೂಗುತ್ತದೆ, ಮಳೆಗಾಲದಲ್ಲಿ ಪಸೆ ಹಿಡಿದರೆ ಇನ್ನೊಂದು ಲೆಕ್ಕ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಈ ತಲೆಬಿಸಿಯೇ ಇಲ್ಲ. ಹರಳುಪ್ಪು ಒಳ್ಳೆಯದೇ, ಆದರೆ ಪೂರ್ತಿ ಕರಗಿಸಿ, ತಳದ ಕಸರು ಉಳಿಯುವಂತೆ ಬಟ್ಟೆಯಲ್ಲಿ ಸೋಸಿಕೊಳ್ಳಿ.

ಪಾತ್ರೆ ಸ್ಟೀಲು, ಗಾಜು ಅಥವಾ ಪಿಂಗಾಣಿಯದು ಇರಲಿ. ಅಲ್ಯುಮಿನಿಯಂ ಬೇಡ, ಉಪ್ಪುನೀರು ಅದನ್ನು ತಿನ್ನುತ್ತದೆ.

ತಣ್ಣಗಿಡುವ ವಿಷಯದಲ್ಲಿ ರಾಜಿ ಬೇಡ

ಅರ್ಧ ಗಂಟೆ ಮೀರಿ ನೆನೆಸುವುದಾದರೆ ಪಾತ್ರೆ ಫ್ರಿಜ್‌ನಲ್ಲಿರಬೇಕು, 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಇಷ್ಟು ತೆಳು ಉಪ್ಪುನೀರು ಮಾಂಸವನ್ನು ಕೆಡದಂತೆ ಕಾಯುವುದಿಲ್ಲ. ಡಿಸೆಂಬರ್ ರಾತ್ರಿ ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಎಷ್ಟೇ ಚಳಿ ಇದ್ದರೂ ಅಡುಗೆಮನೆ 4 ಡಿಗ್ರಿಗೆ ಇಳಿಯುವುದಿಲ್ಲ. ಹಿತ್ತಲ ಜಗಲಿಯಲ್ಲಿ ಮುಚ್ಚಿಟ್ಟರೆ ಸಾಕೆಂದುಕೊಳ್ಳಬೇಡಿ.

ಬಿಸಿ ಉಪ್ಪುನೀರಿಗೆ ಮಾಂಸ ಹಾಕುವುದೂ ಅಷ್ಟೇ ತಪ್ಪು. ತಣಿಯಲು ಕಾಯುವ ಸಮಯವಿಲ್ಲದಿದ್ದರೆ ಅರ್ಧ ಲೀಟರ್ ನೀರನ್ನು ಬಿಸಿ ಮಾಡಿ 50 ಗ್ರಾಂ ಉಪ್ಪು ಕರಗಿಸಿ, ಅದಕ್ಕೆ ಅರ್ಧ ಕಿಲೋ ಐಸ್ ಹಾಕಿ. ಐಸ್ ಕರಗುವ ಹೊತ್ತಿಗೆ ಸರಿಯಾದ ಹದದ, ತಣ್ಣನೆಯ ಒಂದು ಲೀಟರ್ ಉಪ್ಪುನೀರು ಸಿದ್ಧ. ಮಳೆಗಾಲದಲ್ಲಿ ಕರೆಂಟು ಹೋದರೆ ಫ್ರಿಜ್ ಬಾಗಿಲು ತೆಗೆಯದಿದ್ದರೆ ಸುಮಾರು ನಾಲ್ಕು ಗಂಟೆ ತಂಪು ನಿಲ್ಲುತ್ತದೆ. ಅದಕ್ಕೂ ಹೆಚ್ಚು ಹೋಗುವ ದಿನವಾದರೆ ರಾತ್ರಿಯಿಡೀ ನೆನೆಸುವ ಯೋಜನೆ ಕೈಬಿಟ್ಟು, ಸಣ್ಣ ತುಂಡು ಮಾಡಿಸಿ ಒಂದು ಗಂಟೆಯಲ್ಲಿ ಮುಗಿಸಿ.

ಮಾಂಸ ಅಥವಾ ಮೀನು ನೆನೆಸಿದ ನೀರನ್ನು ಒಮ್ಮೆ ಬಳಸಿದ ಮೇಲೆ ಚೆಲ್ಲಿಬಿಡಿ. ಇನ್ನೊಂದು ಬಾರಿಗೆ ಎತ್ತಿಡುವುದು, ಕುದಿಸಿ ಸಾರಿಗೆ ಬಳಸುವುದು ಎರಡೂ ಬೇಡ.

ಯಾವುದಕ್ಕೆ ಎಷ್ಟು?

ಬ್ರಾಯ್ಲರ್ ಕೋಳಿಗೇ ಉಪ್ಪುನೀರಿನಿಂದ ಅತಿ ಹೆಚ್ಚು ಲಾಭ. ಒಂದು ಕಿಲೋಗೆ ಒಂದೂಕಾಲು ಲೀಟರ್ ನೀರು ಬೇಕು, ಲೀಟರಿಗೆ 50 ಗ್ರಾಂ ಉಪ್ಪು. ಸಾರಿನ ತುಂಡು ಮಾಡಿಸಿದ್ದರೆ 45 ನಿಮಿಷದಿಂದ ಒಂದು ಗಂಟೆ. ಮೂಳೆ ಇಲ್ಲದ ಎದೆ ತುಂಡಿಗೂ ಒಂದು ಗಂಟೆ. ಇಡೀ ಕಾಲಿಗೆ ಎರಡರಿಂದ ಮೂರು ಗಂಟೆ. ಇಡೀ ಕೋಳಿಯನ್ನು ಕೆಂಡದಲ್ಲಿ ಸುಡುವುದಾದರೆ ಆರರಿಂದ ಎಂಟು ಗಂಟೆ. ನಮ್ಮ ಕಡೆ ಅಂಗಡಿಯವರು ಚರ್ಮ ಸುಲಿದೇ ಕೊಡುವುದು ಹೆಚ್ಚು, ಆ ಕೋಳಿ ಉಪ್ಪನ್ನು ಬೇಗ ಎಳೆದುಕೊಳ್ಳುತ್ತದೆ. ಚರ್ಮ ಇದ್ದರೆ ಇದರ ಮೇಲ್ಮಿತಿಯನ್ನೇ ಹಿಡಿಯಿರಿ.

ಇಷ್ಟು ಗಡಿಯಾರ ನೋಡಲು ಆಗದು ಎನ್ನುವವರಿಗೆ ಇನ್ನೊಂದು ಕ್ರಮವಿದೆ. ಮಾಂಸ ಮತ್ತು ನೀರು ಎರಡನ್ನೂ ತೂಗಿ, ಒಟ್ಟು ತೂಕದ ನೂರಕ್ಕೆ ಒಂದೂಕಾಲರಷ್ಟು ಉಪ್ಪು ಹಾಕಿ. ಕೋಳಿ 1 ಕಿಲೋ, ನೀರು 1 ಲೀಟರ್ ಆದರೆ ಒಟ್ಟು 2000 ಗ್ರಾಂ, ಉಪ್ಪು 25 ಗ್ರಾಂ. ಇದನ್ನು ಫ್ರಿಜ್‌ನಲ್ಲಿ ಒಂದು ರಾತ್ರಿ ಬಿಡಬಹುದು. ಒಳಗೂ ಹೊರಗೂ ಉಪ್ಪು ಸಮವಾದ ಮೇಲೆ ಮತ್ತೆ ಏರುವುದಿಲ್ಲ, ಆದ್ದರಿಂದ ಮರುದಿನ ಎರಡು ಗಂಟೆ ತಡವಾದರೂ ಉಪ್ಪುಕಟ್ಟುವ ಭಯವಿಲ್ಲ. ಹೊಸಬರಿಗೆ ನಾವು ಹೇಳುವುದು ಇದನ್ನೇ.

ನಾಟಿಕೋಳಿಗೆ ಉಪ್ಪುನೀರು ಬೇಡ. ಅದರ ಗಡಸುತನ ಬರುವುದು ಎಳೆಗಳನ್ನು ಕಟ್ಟಿರುವ ಕೊಲಾಜೆನ್‌ನಿಂದ, ಅದನ್ನು ಉಪ್ಪು ಮೆತ್ತಗೆ ಮಾಡುವುದಿಲ್ಲ. ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ ಬೇಯಬೇಕು, ಆ ಬೇಯುವಿಕೆಯಲ್ಲೇ ಉಪ್ಪೂ ಒಳಗೆ ಹೋಗುತ್ತದೆ. ಕಡುಬಿಗೆ ಮಾಡುವ ನಾಟಿಕೋಳಿ ಸಾರು, ಕುರಿ ಮಾಂಸದ ಸಾರು ಎಲ್ಲಕ್ಕೂ ಇದೇ ಮಾತು. ಪ್ಯಾಕೆಟ್ಟಿನ ಫ್ರೋಜನ್ ಕೋಳಿ ತಂದರೆ ಹಿಂಬದಿಯ ವಿವರ ಓದಿ. ಉಪ್ಪು, ಫಾಸ್ಫೇಟ್ ಎಂದಿದ್ದರೆ ಕಾರ್ಖಾನೆಯಲ್ಲೇ ಉಪ್ಪುನೀರು ಕೊಟ್ಟಾಗಿದೆ, ಮತ್ತೆ ನೆನೆಸಿದರೆ ತಿನ್ನಲಾಗದು.

ಹಂದಿ ಮಾಂಸದ ಎರಡು ಬೆರಳಗಲದ ತುಂಡುಗಳಿಗೆ ಲೀಟರಿಗೆ 60 ಗ್ರಾಂ ಉಪ್ಪು, ಮೂರರಿಂದ ನಾಲ್ಕು ಗಂಟೆ. ಇದಕ್ಕೊಂದು ದೊಡ್ಡ ಚಮಚ ಜೋನಿಬೆಲ್ಲ ಸೇರಿಸಿದರೆ ಹುರಿಯುವಾಗ ಕೆಂಪು ಬಣ್ಣ ಚೆನ್ನಾಗಿ ಕಟ್ಟುತ್ತದೆ, ಸಿಹಿ ಗೊತ್ತಾಗುವುದಿಲ್ಲ. ಕೊಬ್ಬಿನ ಪದರ ಉಪ್ಪನ್ನು ಹೆಚ್ಚು ಹೀರುವುದಿಲ್ಲ. ಕೊಬ್ಬು ಜಾಸ್ತಿ ಇರುವ ತುಂಡಿಗೆ ನೆನೆಸುವ ಸಮಯ ಹೆಚ್ಚಿಸಿ ಪ್ರಯೋಜನವಿಲ್ಲ.

ಉಪ್ಪುನೀರಿಗೆ ನಿಂಬೆ, ವಿನೆಗರ್, ವಾಟೆಹುಳಿ, ಉಪ್ಪಾಗೆ ಯಾವುದನ್ನೂ ಮಾಂಸದ ಜತೆ ಸೇರಿಸಬೇಡಿ. ಹುಳಿ ಮೇಲ್ಮೈಯ ಪ್ರೋಟೀನನ್ನು ಬಿಗಿ ಮಾಡಿ ಬಿಳಿಚಿಸುತ್ತದೆ, ಉಪ್ಪು ಗಳಿಸಿಕೊಟ್ಟ ನೀರನ್ನು ಕಳೆಯುತ್ತದೆ. ಹುಳಿ ಹಾಕುವುದು ಒಲೆಯ ಮೇಲೆ, ಕೊನೆಗೆ. ಚಕ್ಕೆ, ಲವಂಗ, ಕಾಳುಮೆಣಸನ್ನು ತಣ್ಣೀರಿಗೆ ಉದುರಿಸಿದರೂ ಹೆಚ್ಚೇನೂ ಬಿಡುವುದಿಲ್ಲ. ಪರಿಮಳ ಬೇಕೇ ಬೇಕು ಎಂದರೆ ಅವನ್ನು ಜಜ್ಜಿ ಕಾಲು ಲೀಟರ್ ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ತಣಿಸಿ, ಉಪ್ಪುನೀರಿಗೆ ಸೇರಿಸಿ. ನಮ್ಮ ಅಭಿಪ್ರಾಯದಲ್ಲಿ ಒಳ್ಳೆಯ ಮೆಣಸನ್ನು ಇದಕ್ಕೆ ಖರ್ಚು ಮಾಡುವುದು ದಂಡ.

ಮೀನು, ಸಿಗಡಿಗೆ ನಿಮಿಷಗಳ ಲೆಕ್ಕ

ಶಿವಮೊಗ್ಗಕ್ಕೆ ಸಮುದ್ರದ ಮೀನು ಘಾಟಿ ಹತ್ತಿ ಬರುತ್ತದೆ: ಮಲ್ಪೆಯಿಂದ ಆಗುಂಬೆ ದಾರಿಯಲ್ಲಿ, ಗಂಗೊಳ್ಳಿ ಕಡೆಯಿಂದ ಹುಲಿಕಲ್ ಘಾಟಿಯಲ್ಲಿ, ಹೊನ್ನಾವರದಿಂದ ಗೇರುಸೊಪ್ಪೆ ಮೇಲೆ ಸಾಗರಕ್ಕೆ. (ಈ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನೇ ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು.) ಐಸಿನಲ್ಲಿ ಬಂದ ಮೀನಿಗೂ ಬಿಸಿಲಿನಲ್ಲಿ ಕೂತ ಮೀನಿಗೂ ಅಡುಗೆಯಲ್ಲಿ ಅಜಗಜಾಂತರ. ಬಂಗುಡೆ, ಬೂತಾಯಿ ಬಿಸಿಯಲ್ಲಿ ಕೂತರೆ ಅವುಗಳಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪೇರುವುದು, ತುರಿಕೆ, ತಲೆನೋವು ಅದರ ಕೆಲಸ. ಅದು ಉಪ್ಪಿನಿಂದಲೂ ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಕಣ್ಣು ಗುಳಿಬಿದ್ದು, ಕಿವಿರು ಕಂದಾಗಿದ್ದರೆ ಮೀನನ್ನು ಅಲ್ಲೇ ಬಿಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಆ ದಿನಗಳಲ್ಲಿ ಕೈಗೆ ಬರುವುದರಲ್ಲಿ ಶೈತ್ಯಾಗಾರದ ಮೀನೂ ಇರುತ್ತದೆ, ಕೇಳಿ ಕೊಳ್ಳಿ.

ಮೀನಿನ ಮಾಂಸ ಬಹಳ ಮೃದು, ಉಪ್ಪನ್ನು ಬೇಗ ಹೀರುತ್ತದೆ. ಲೀಟರಿಗೆ 50 ಗ್ರಾಂ ಹಾಕಿ, ಅಂಜಲ್‌ನ ಬೆರಳು ದಪ್ಪದ ತುಂಡಿಗೆ 15 ನಿಮಿಷ, ಗೆರೆ ಕೊಯ್ದ ಇಡೀ ಬಂಗುಡೆಗೆ 20, ಬೂತಾಯಿಗೆ ಹತ್ತು ನಿಮಿಷ. ಅರ್ಧ ಗಂಟೆ ಮರೆತರೆ ಮಾಂಸ ಅಂಟಂಟಾಗಿ ಒಣಮೀನಿನ ರುಚಿ ಬರುತ್ತದೆ. ಸರಿಯಾಗಿ ನೆನೆದ ಮೀನು ಕಾವಲಿಯ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ, ಮಗುಚುವಾಗ ಮುರಿಯುವುದಿಲ್ಲ, ಬೇಯುವಾಗ ಮೇಲೆ ಉಕ್ಕಿ ಬರುವ ಬಿಳಿ ನೊರೆಗಟ್ಟೂ ಕಡಿಮೆ.

ಕೆರೆ, ಹೊಳೆಯ ಕಾಟ್ಲಾ, ರೋಹು ಮುಂತಾದವಕ್ಕೆ ಕೆಸರುವಾಸನೆ ಇದ್ದರೆ ಮಾತ್ರ ಮೇಲಿನ ಹುಳಿಯ ನಿಯಮಕ್ಕೆ ವಿನಾಯಿತಿ. ಆ ವಾಸನೆಯ ಮೂಲ ಜಿಯೋಸ್ಮಿನ್ ಎಂಬ ವಸ್ತು, ಹುಳಿಯಲ್ಲಿ ಅದು ಒಡೆಯುತ್ತದೆ. ಉಪ್ಪುನೀರಿನಿಂದ ತೆಗೆದ ಮೇಲೆ ಹುಣಸೆಹಣ್ಣಿನ ತೆಳು ನೀರಿನಲ್ಲಿ ಹತ್ತು ನಿಮಿಷ ಇಟ್ಟು, ತೊಳೆದು, ಒರೆಸಿ. ಸಾರಿಗೂ ಉಪ್ಪಾಗೆ ಅಥವಾ ವಾಟೆಹುಳಿ ಧಾರಾಳವಾಗಿ ಬೀಳಲಿ.

ಸಿಗಡಿಗೆ ನೀರಿನ ಅಗತ್ಯವೇ ಇಲ್ಲ. ಸುಲಿದು ನರ ತೆಗೆದ ಅರ್ಧ ಕಿಲೋ ಸಿಗಡಿಗೆ 5 ಗ್ರಾಂ ಪುಡಿ ಉಪ್ಪು, ಕಾಲು ಟೀ ಚಮಚ ಅಡುಗೆ ಸೋಡಾ ಸವರಿ ಫ್ರಿಜ್‌ನಲ್ಲಿ 15 ನಿಮಿಷ ಇಡಿ. ಸೋಡಾ ಮೇಲ್ಮೈಯನ್ನು ಕ್ಷಾರೀಯ ಮಾಡುವುದರಿಂದ ಸಿಗಡಿ ನೀರು ಬಿಡದೆ ಕರುಂ ಎನ್ನುತ್ತದೆ. ಅಳತೆ ಮೀರಿದರೆ ಸೋಪಿನ ರುಚಿ. ಬೇಯುವಾಗ ಅರ್ಧಚಂದ್ರಾಕಾರಕ್ಕೆ ಬಾಗಿದ ಕೂಡಲೇ ಇಳಿಸಿ, ಉಂಗುರವಾಗಿ ಸುತ್ತಿಕೊಂಡರೆ ಹೆಚ್ಚು ಬೆಂದಿದೆ. ಮರುವಾಯಿ (ಕಪ್ಪೆಚಿಪ್ಪು) ಸಿಕ್ಕರೆ ಜೀವಂತ ಇದ್ದವನ್ನು ಮಾತ್ರ ಲೀಟರಿಗೆ 35 ಗ್ರಾಂ ಉಪ್ಪಿನ ನೀರಿನಲ್ಲಿ ಒಂದೆರಡು ಗಂಟೆ ಇಡಿ. ಇದು ಸಮುದ್ರದ ಉಪ್ಪಿನ ಹದವೇ ಆದ್ದರಿಂದ ಅವು ಬಾಯಿ ತೆರೆದು ಮರಳು ಉಗುಳುತ್ತವೆ. ಸಿಹಿನೀರಿನಲ್ಲಿಟ್ಟರೆ ಸತ್ತುಹೋಗುತ್ತವೆ. ಏಡಿಗೆ ಇದ್ಯಾವುದೂ ಬೇಡ.

ಒರೆಸುವ ಕೆಲಸ

ನೀರಿನಿಂದ ತೆಗೆದ ತುಂಡುಗಳನ್ನು ತೊಳೆಯಬೇಕಿಲ್ಲ, ಜಾಲರಿಯಲ್ಲಿ ಸೋರಿಸಿ, ಶುಭ್ರ ಬಟ್ಟೆಯಿಂದ ಒತ್ತಿ ಒರೆಸಿ. ಸಾಧ್ಯವಾದರೆ ಅರ್ಧ ಗಂಟೆ ಫ್ರಿಜ್‌ನಲ್ಲಿ ತೆರೆದಿಡಿ. ಅತಿ ಹೆಚ್ಚು ಜನ ಬಿಡುವ ಹೆಜ್ಜೆ ಇದೇ. ಹಸಿಹಸಿ ತುಂಡು ಬಾಣಲೆಗೆ ಬಿದ್ದರೆ ಎಣ್ಣೆಯ ಬಿಸಿಯೆಲ್ಲ ಆ ನೀರನ್ನು ಆವಿ ಮಾಡಲು ಖರ್ಚಾಗುತ್ತದೆ, ಮಾಂಸ ಹುರಿಯುವ ಬದಲು ಬೇಯುತ್ತದೆ, ಕೆಂಪು ಬಣ್ಣ ಬರುವುದೇ ಇಲ್ಲ. ಒಂದು ಕಿಲೋವನ್ನು ಒಂದೇ ಸಲ ಸುರಿಯುವುದರಿಂದಲೂ ಇದೇ ಫಲ.

ಮೆಣಸನ್ನು ನೋಡಿ ಕೊಳ್ಳುವುದು

ಅಡಿಕೆ ತೋಟದಲ್ಲಿ ಮರಕ್ಕೆ ಹಬ್ಬಿಸಿದ ಬಳ್ಳಿ ಇರುವವರಿಗೆ ಕೊಳ್ಳುವ ಮಾತಿಲ್ಲ. ಪೇಟೆಯಲ್ಲಿ ಕೊಳ್ಳುವವರು ಒಂದು ಹಿಡಿ ಕಾಳನ್ನು ನೀರಿಗೆ ಹಾಕಿ ನೋಡಿ: ಜೊಳ್ಳು ತೇಲುತ್ತದೆ, ತುಂಬಿದ ಕಾಳು ಮುಳುಗುತ್ತದೆ. ವ್ಯಾಪಾರಿಗಳು ಲೀಟರ್ ತೂಕ ನೋಡುವುದೂ ಇದಕ್ಕಾಗಿಯೇ, ಒಂದು ಲೀಟರ್ ಅಳತೆಗೆ 550 ಗ್ರಾಂ ಬಂದರೆ ಒಳ್ಳೆಯ ಮಾಲು. ಪಣಿಯೂರು-1 ತಳಿಯ ಕಾಳು ದಪ್ಪವಾಗಿ ನೋಡಲು ಚೆಂದ. ಬಾಣಲೆಗೆ ನಾವು ಕರಿಮುಂಡದಂಥ ಸಣ್ಣ ಕಾಳನ್ನೇ ಆರಿಸುತ್ತೇವೆ. ಬೆರಳಲ್ಲಿ ಒತ್ತಿದಾಗ ಮೆತ್ತಗೆನಿಸುವ, ಬೂಷ್ಟಿನ ವಾಸನೆಯ ಕಾಳು ಸರಿಯಾಗಿ ಒಣಗಿಲ್ಲ, ಮಳೆಗಾಲ ದಾಟುವುದಿಲ್ಲ.

ಪುಡಿ ಮಾಡಿಟ್ಟ ಮೆಣಸಿನಲ್ಲಿ ಖಾರ ಉಳಿದೀತು, ಪರಿಮಳ ಉಳಿಯದು. ಖಾರ ಪೈಪರಿನ್‌ನದು, ಅದು ಬಿಸಿಗೂ ಗಾಳಿಗೂ ಬೇಗ ಜಗ್ಗುವುದಿಲ್ಲ. ಪರಿಮಳ ಆವಿಯಾಗುವ ತೈಲದ್ದು, ಕುಟ್ಟಿದ ಗಳಿಗೆಯಿಂದಲೇ ಹಾರಲು ಶುರು. ಆದ್ದರಿಂದ ಒಂದೇ ಅಡುಗೆಗೆ ಮೆಣಸನ್ನು ಎರಡು ಕಂತಿನಲ್ಲಿ ಹಾಕಿ: ಮೊದಲ ಕಂತು ಖಾರಕ್ಕೆ, ಎಣ್ಣೆಯಲ್ಲಿ. ಎರಡನೆಯದು ಪರಿಮಳಕ್ಕೆ, ಇಳಿಸುವ ಮುಂಚೆ.

ಕೋಳಿ ಪೆಪ್ಪರ್ ಫ್ರೈ, ಹೆಜ್ಜೆ ಹೆಜ್ಜೆಯಾಗಿ

1. ಉಪ್ಪುನೀರಿನಲ್ಲಿ ನೆನೆಸಿ ಒರೆಸಿದ ಕೋಳಿ 1 ಕಿಲೋ. ಕಾಳುಮೆಣಸು 14 ಗ್ರಾಂ, ಅಂದರೆ ಸುಮಾರು ಎರಡು ಮಟ್ಟದ ದೊಡ್ಡ ಚಮಚ. ಇದನ್ನು 9 ಮತ್ತು 5 ಗ್ರಾಂ ಎಂದು ಪಾಲು ಮಾಡಿ.

2. ಒಂಬತ್ತು ಗ್ರಾಂ ಮೆಣಸು, ಎರಡು ಟೀ ಚಮಚ ಕೊತ್ತಂಬರಿ ಬೀಜ, ಒಂದು ಟೀ ಚಮಚ ಜೀರಿಗೆಯನ್ನು ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ. ಮೆಣಸಿನ ವಾಸನೆ ಮೂಗಿಗೆ ಬಂತೆಂದರೆ ಸಾಕು. ಹೊಗೆ ಬಂದರೆ ಕಹಿ, ಅದನ್ನು ಬಿಸಾಡಿ ಹೊಸದಾಗಿ ಹುರಿಯಿರಿ. ತಣಿದ ಮೇಲೆ ನುಣ್ಣಗೆ ಪುಡಿ ಮಾಡಿ.

3. ಮೂರು ದೊಡ್ಡ ಚಮಚ ಕೊಬ್ಬರಿ ಎಣ್ಣೆ ಚೆನ್ನಾಗಿ ಕಾದ ಮೇಲೆ ಕೋಳಿಯನ್ನು ಎರಡು ಸಲವಾಗಿ ಹುರಿದು ಕೆಂಪಗಾಗಿಸಿ ತೆಗೆದಿಡಿ. ಪ್ರತಿ ಸಲಕ್ಕೂ ನಾಲ್ಕೈದು ನಿಮಿಷ, ಮೊದಲ ಎರಡು ನಿಮಿಷ ಸೌಟು ಆಡಿಸಬೇಡಿ.

4. ಅದೇ ಎಣ್ಣೆಗೆ ಹೆಚ್ಚಿದ ಎರಡು ಈರುಳ್ಳಿ, ಜಜ್ಜಿದ ಹತ್ತು ಎಸಳು ಬೆಳ್ಳುಳ್ಳಿ, ಒಂದಿಂಚು ಶುಂಠಿ, ಎರಡು ಎಳೆ ಕರಿಬೇವು, ನಾಲ್ಕೈದು ಸೀಳಿದ ಸೂಜಿಮೆಣಸು. ಉಪ್ಪು ಹಾಕಬೇಡಿ. ಕೈ ರೂಢಿಯಲ್ಲಿ ಉಪ್ಪಿನ ಡಬ್ಬಕ್ಕೆ ಹೋಗುತ್ತದೆ, ಡಬ್ಬವನ್ನು ದೂರ ಇಟ್ಟುಕೊಂಡೇ ಶುರು ಮಾಡಿ.

5. ಈರುಳ್ಳಿ ಕೆಂಪಾದ ಮೇಲೆ ಉರಿ ತಗ್ಗಿಸಿ ಪುಡಿ ಹಾಕಿ ಅರ್ಧ ನಿಮಿಷ ಎಣ್ಣೆಯಲ್ಲಿ ಆಡಿಸಿ. ಇಲ್ಲಿಯೇ ಖಾರ ಎಣ್ಣೆಗೆ ಇಳಿಯುವುದು. ಕೋಳಿ ಸೇರಿಸಿ, ಕಾಲು ಲೋಟ ನೀರು ಚಿಮುಕಿಸಿ, ಮುಚ್ಚಿ ಹನ್ನೆರಡು ನಿಮಿಷ ಬೇಯಿಸಿ. ಥರ್ಮಾಮೀಟರ್ ಇದ್ದವರು ದಪ್ಪ ತುಂಡಿನ ನಡುವೆ 74 ಡಿಗ್ರಿ ನೋಡಿ.

6. ಮುಚ್ಚಳ ತೆಗೆದು ನೀರು ಆರುವವರೆಗೆ ಹುರಿಯಿರಿ. ಈಗ ರುಚಿ ನೋಡಿ, ಬೇಕಿದ್ದರೆ ಮಾತ್ರ ಚಿಟಿಕೆ ಉಪ್ಪು. ಉಳಿದ 5 ಗ್ರಾಂ ಮೆಣಸನ್ನು ಆಗಲೇ ಕುಟ್ಟಾಣಿಯಲ್ಲಿ ತರಿತರಿಯಾಗಿ ಕುಟ್ಟಿ ಹಾಕಿ, ಒಂದು ಚಮಚ ತುಪ್ಪ ಬಿಟ್ಟು ಒಂದೇ ನಿಮಿಷ ಆಡಿಸಿ ಇಳಿಸಿ. ನಿಂಬೆರಸ ಇಳಿಸಿದ ಮೇಲೆ.

ಹಂದಿಗೂ ಇದೇ ಕ್ರಮ, ಎಣ್ಣೆ ಒಂದು ಚಮಚ ಸಾಕು, ಅದರ ಕೊಬ್ಬೇ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಮುಚ್ಚಿ ಬೇಯಿಸುವ ಸಮಯ 45 ನಿಮಿಷಕ್ಕೆ ಏರಲಿ, ಮೆಣಸು 20 ಗ್ರಾಂವರೆಗೆ ಹೋಗಬಹುದು. ಕೊಬ್ಬು ಖಾರವನ್ನು ಕರಗಿಸಿ ಹರಡುವುದರಿಂದ ನಾಲಗೆಗೆ ಚುಚ್ಚುವುದಿಲ್ಲ. ಕೆಂಪು ಬಣ್ಣ ಬೇಕಾದವರು ಬ್ಯಾಡಗಿ ಬಳಸಿ, ಖಾರ ಬೇಕಾದವರು ಗುಂಟೂರು. ಹಸಿ ಅಥವಾ ಒಣ ಮೆಣಸಿನಕಾಯಿಯ ಖಾರ ತಗ್ಗಿಸಲು ಬೀಜ ಉದುರಿಸಿದರೆ ಸಾಲದು, ಬೀಜ ಅಂಟಿಕೊಂಡಿರುವ ಬಿಳಿ ತಿರುಳನ್ನು ಕೆರೆದು ತೆಗೆಯಬೇಕು, ಖಾರ ಇರುವುದು ಅಲ್ಲಿ.

ಅಡುಗೆ ಉಪ್ಪುಕಟ್ಟಿದರೆ ನೀರು ಹಾಕಿ ಕುದಿಸಬೇಡಿ. ಉಪ್ಪಿಲ್ಲದೆ ಅರೆದ ತೆಂಗಿನಕಾಯಿ ಸೇರಿಸಿ ಗೊಜ್ಜು ಮಾಡಿಕೊಂಡು ಸಪ್ಪೆ ಅಕ್ಕಿರೊಟ್ಟಿಯ ಜತೆ ಬಡಿಸಿ. ಮುಂದಿನ ಸಲ ಸಮಯ ಕಡಿಮೆ ಮಾಡಿ, ಉಪ್ಪಿನ ಪ್ರಮಾಣವನ್ನಲ್ಲ. ರಕ್ತದೊತ್ತಡಕ್ಕೆ ಉಪ್ಪು ಬಿಟ್ಟವರು ಮನೆಯಲ್ಲಿದ್ದರೆ ಅವರ ಪಾಲನ್ನು ಉಪ್ಪುನೀರಿಗೆ ಹಾಕುವ ಮೊದಲೇ ತೆಗೆದಿಡಿ. ಒಳಗೆ ಹೋದ ಉಪ್ಪು ತೊಳೆದರೆ ಬರುವುದಿಲ್ಲ.

ಹಸಿ ಕಾಳುಮೆಣಸನ್ನು ಭರಣಿಗೆ ಹಾಕುವುದು

ಕೊಯ್ಲಿಗೆ ಮುಂಚೆ, ಕಾಳು ಬಲಿತಿದ್ದರೂ ಒಳಗಿನ ಬೀಜ ಉಗುರಿಗೆ ಒಡೆಯುವಷ್ಟು ಮೆತ್ತಗಿರುವಾಗ ಗೊನೆಗಳನ್ನು ಕೊಯ್ಯಿರಿ. ತೊಳೆದು ನೆರಳಲ್ಲಿ ನೀರಾರಿಸಿ. ಕುದಿಸಿ ತಣಿಸಿದ ಒಂದು ಲೀಟರ್ ನೀರಿಗೆ 180 ಗ್ರಾಂ ಹರಳುಪ್ಪು, 10 ಗ್ರಾಂ ಸಿಟ್ರಿಕ್ ಆಮ್ಲ. ಇಲ್ಲಿ ಗಟ್ಟಿ ಉಪ್ಪೂ ಬೇಕು, ಹುಳಿಯೂ ಬೇಕು, ಏಕೆಂದರೆ ಮೆಣಸಿನ ಸಿಪ್ಪೆಯಲ್ಲಿರುವ ಕಿಣ್ವ ಗಾಳಿ ಸೋಕಿದರೆ ಕಾಳನ್ನು ಕಪ್ಪು ಮಾಡುತ್ತದೆ. ಅದೇ ಕಿಣ್ವದಿಂದಲೇ ಒಣಮೆಣಸು ಕರಿಯಾಗುವುದು. ಕಾಳು ಮೇಲೆ ತೇಲದಂತೆ ಒಂದು ಸಣ್ಣ ತಟ್ಟೆ ಇಟ್ಟು ಒತ್ತಿ. ಮೂರನೇ ದಿನ ಕಂದಾದ ನೀರನ್ನು ಚೆಲ್ಲಿ ಅದೇ ಹದದ ಹೊಸ ನೀರು ತುಂಬಿ. ಮೂರು ನಾಲ್ಕು ವಾರಕ್ಕೆ ಸಿದ್ಧ, ಫ್ರಿಜ್‌ನಲ್ಲಿಟ್ಟರೆ ಹಸಿರು ಹೆಚ್ಚು ದಿನ ನಿಲ್ಲುತ್ತದೆ.

ಅಡುಗೆಗೆ ಹಾಕುವ ಮುಂಚೆ ಅರ್ಧ ಗಂಟೆ ಸಪ್ಪೆ ನೀರಿನಲ್ಲಿಟ್ಟು ಉಪ್ಪು ಬಿಡಿಸಿ. ಸಿಗಡಿಗೆ ಇದರಷ್ಟು ಹೊಂದುವ ಖಾರ ಇನ್ನೊಂದಿಲ್ಲ: ಅರ್ಧ ಕಿಲೋಗೆ ಎರಡು ದೊಡ್ಡ ಚಮಚ ಹಸಿ ಕಾಳನ್ನು ತುಸು ಜಜ್ಜಿ, ಬೆಳ್ಳುಳ್ಳಿಯ ಜತೆ ತುಪ್ಪದಲ್ಲಿ ಒಂದು ನಿಮಿಷ ಬಾಡಿಸಿ, ಸಿಗಡಿ ಹಾಕಿ ಮೂರು ನಿಮಿಷದಲ್ಲಿ ಇಳಿಸಿ. ಭರಣಿಯ ಈ ನೀರಿಗೆ ಹಸಿ ಮಾಂಸ ಸೋಕಿಲ್ಲವಾದ್ದರಿಂದ ಚೆಲ್ಲಬೇಕಿಲ್ಲ. ಮಜ್ಜಿಗೆಗೆ ಉಪ್ಪಿನ ಬದಲು ಒಂದು ಚಮಚ ಹಾಕಿಕೊಳ್ಳಬಹುದು.